ಹೆಸರಿದ್ದವರಿಗೆ ನೋಟಿಸು, ಇಲ್ಲದವರಿಗೆ ಕೋಳ: ಕಾನೂನು ಹೇಳುವುದೇನು?

ಮಲೆನಾಡಿನ ಹಳೆಯ ಮನೆಗಳ ಮರದ ಪೆಟ್ಟಿಗೆಯಲ್ಲಿ ಈಗಲೂ ಸಿಗುವ ವಸ್ತುವೊಂದಿದೆ. ಎರಡು ಹುಲಿಯುಗುರುಗಳನ್ನು ಬುಡಕ್ಕೆ ಬುಡ ಸೇರಿಸಿ, ನಡುವೆ ಬಂಗಾರದ ಕಟ್ಟು ಹಾಕಿಸಿದ ಪದಕ. ತುದಿ ಇನ್ನೂ ಚೂಪು, ಬುಡ ಮಾತ್ರ ಹಳದಿಗಟ್ಟಿರುತ್ತದೆ. ಮಗುವಿಗೆ ದೃಷ್ಟಿ ತಾಗದಿರಲೆಂದು ಯಾವ ಕಾಲದಲ್ಲೋ ಕೊರಳಿಗೆ ಕಟ್ಟಿದ್ದು, ಆಮೇಲೆ ಬಟ್ಟೆಯಲ್ಲಿ ಸುತ್ತಿಟ್ಟು ಮರೆತದ್ದು. ತೀರ್ಥಹಳ್ಳಿ ಕಡೆಯ ತೋಟದ ಮನೆಯವರಿಗೆ ಅದು ಅಜ್ಜಿಯ ನೆನಪು. ಕಾನೂನಿನ ಕಣ್ಣಿಗೆ ಅದು ಅಪರಾಧದ ಮಾಲು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಇಂಥ ವಸ್ತು ಇದ್ದವರು 30 ದಿನದೊಳಗೆ ಘೋಷಿಸಿಕೊಳ್ಳಬೇಕಿತ್ತು. 2003ರಲ್ಲಿ ಮತ್ತೆ 180 ದಿನಗಳ ಅವಕಾಶ ಕೊಟ್ಟರು. ಮಾಲೀಕತ್ವದ ಪ್ರಮಾಣಪತ್ರ ಇರುವ ವಸ್ತು ಹಿರಿಯರಿಂದ ಬಂದರೂ, ಬಂದ 90 ದಿನದೊಳಗೆ ತಿಳಿಸಬೇಕು. ಪ್ರಮಾಣಪತ್ರವಿಲ್ಲದೆ ಇಟ್ಟುಕೊಂಡರೆ 39ನೇ ಕಲಮಿನಂತೆ ಅದು ಸರ್ಕಾರದ ಸ್ವತ್ತು. ಹುಲಿ ಕಾಯ್ದೆಯ ಮೊದಲನೇ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯ ಪ್ರಾಣಿ, ಹಾಗಾಗಿ ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ. 2022ರ ತಿದ್ದುಪಡಿಯ ಮೇಲೆ ದಂಡ 25,000 ರೂಪಾಯಿಗಿಂತ ಕಡಿಮೆ ಇರುವಂತಿಲ್ಲ. ಇನ್ನೂ ಬಿಗಿಯಾದದ್ದು 57ನೇ ಕಲಂ: ವಸ್ತು ನಿಮ್ಮ ಬಳಿ ಸಿಕ್ಕಿದೆಯೆಂದು ಸಾಬೀತಾದರೆ ಅದು ಅಕ್ರಮವೆಂದೇ ಊಹೆ, ಸಕ್ರಮವೆಂದು ತೋರಿಸುವ ಹೊರೆ ನಿಮ್ಮ ಮೇಲೆ.

2023ರ ಅಕ್ಟೋಬರಿನಲ್ಲಿ ಈ ಪದಕವೇ ರಾಜ್ಯವನ್ನೆಲ್ಲ ಮಾತಾಡಿಸಿತು. ಟಿ.ವಿ. ರಿಯಾಲಿಟಿ ಶೋ ಒಂದರ ಸ್ಪರ್ಧಿಯ ಕೊರಳಲ್ಲಿ ಹುಲಿಯುಗುರು ಕಂಡಿತೆಂದು ಅರಣ್ಯ ಇಲಾಖೆ ಅವರನ್ನು ಬಂಧಿಸಿತು. ನ್ಯಾಯಾಂಗ ಬಂಧನವೂ ಆಯಿತು. ಬೆನ್ನಿಗೇ ಅಂಥದೇ ಪದಕ ತೊಟ್ಟಿದ್ದ ಸಿನಿಮಾ ನಟರು, ರಾಜಕಾರಣಿಗಳ ಮನೆಯವರ ಫೋಟೊಗಳು ಹರಿದಾಡಿದವು. ಅವರ ಮನೆಗಳಿಗೆ ಅಧಿಕಾರಿಗಳು ಹೋದರು, ಪದಕ ಪಡೆದರು, ಪರೀಕ್ಷೆಗೆ ಕಳಿಸುತ್ತೇವೆ ಎಂದರು. ಒಬ್ಬರು ಜೈಲಿಗೆ, ಉಳಿದವರಿಗೆ ನೋಟಿಸು. ಸಾಗರದ ಬಸ್‌ಸ್ಟ್ಯಾಂಡಿನಿಂದ ವಿಧಾನಸೌಧದವರೆಗೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ದೊಡ್ಡವರಿಗೊಂದು ನ್ಯಾಯ, ಸಣ್ಣವರಿಗೊಂದು ನ್ಯಾಯವೇ?

ಈ ಪ್ರಶ್ನೆಗೆ ಹೌದು, ಅಲ್ಲ ಎಂದು ಒಂದೇ ಮಾತಲ್ಲಿ ಉತ್ತರ ಕೊಟ್ಟರೆ ದಾರಿ ತಪ್ಪುತ್ತೇವೆ. ನಾವು ‘ವಿಶೇಷ ಉಪಚಾರ’ ಎಂದು ಕರೆಯುವುದರಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ಹುದ್ದೆಗೆ ಕಾನೂನೇ ಕೊಟ್ಟ ರಕ್ಷಣೆ ಒಂದು. ಎಲ್ಲರಿಗೂ ಇರುವ, ಹೆಸರಿದ್ದವರು ಮಾತ್ರ ವಸೂಲಿ ಮಾಡಿಕೊಳ್ಳುವ ಹಕ್ಕು ಇನ್ನೊಂದು. ಮೂರನೆಯದು ಯಾವ ಪುಸ್ತಕದಲ್ಲೂ ಇಲ್ಲದ, ನೇರ ಅಕ್ರಮ. ಮೊದಲನೆಯದನ್ನು ಬೇಗ ಮುಗಿಸಬಹುದು.

ಹುದ್ದೆಗೆ ಇರುವ ರಕ್ಷಣೆ

ಸಂವಿಧಾನದ 14ನೇ ವಿಧಿ ಎಲ್ಲರನ್ನೂ ಕಾನೂನಿನ ಮುಂದೆ ಸಮಾನರನ್ನಾಗಿಸುತ್ತದೆ. ಅದಕ್ಕೆ ಬರೆದಿಟ್ಟ ದೊಡ್ಡ ಅಪವಾದ 361ನೇ ವಿಧಿ: ರಾಷ್ಟ್ರಪತಿ, ರಾಜ್ಯಪಾಲರ ವಿರುದ್ಧ ಅವರು ಅಧಿಕಾರದಲ್ಲಿರುವವರೆಗೆ ಕ್ರಿಮಿನಲ್ ಮೊಕದ್ದಮೆ ನಡೆಯುವಂತಿಲ್ಲ, ಬಂಧನವೂ ಇಲ್ಲ. ಕುರ್ಚಿ ಬಿಟ್ಟ ದಿನ ರಕ್ಷಣೆಯೂ ಹೋಗುತ್ತದೆ. ಶಾಸಕರು, ಸಂಸದರಿಗೂ ಇದು ಇದೆಯೆಂದು ಹಲವರು ನಂಬಿದ್ದಾರೆ, ಅದು ತಪ್ಪು. ಅವರಿಗಿರುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 135ಎ ಕಲಂ. ಅಧಿವೇಶನದ ವೇಳೆ, ಅದರ ಹಿಂದಿನ ಮತ್ತು ಮುಂದಿನ 40 ದಿನ ಸಿವಿಲ್ ವ್ಯಾಜ್ಯದಲ್ಲಿ ಅವರನ್ನು ಬಂಧಿಸುವಂತಿಲ್ಲ. ಕೊಲೆ, ಹೊಡೆದಾಟ, ಲಂಚ, ಹುಲಿಯುಗುರು ಯಾವುದಕ್ಕೂ ಇದು ಗುರಾಣಿಯಾಗದು. ಬಂಧಿಸಿದ ಕೂಡಲೇ ಸಭಾಧ್ಯಕ್ಷರಿಗೆ ತಿಳಿಸಬೇಕು, ಅಷ್ಟೆ. ಸದನದಲ್ಲಿ ಮತ ಹಾಕಲು ಲಂಚ ಪಡೆದವರಿಗೂ ರಕ್ಷಣೆಯಿಲ್ಲವೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2024ರ ಮಾರ್ಚ್ 4ರಂದು ಹೇಳಿ, 1998ರ ತೀರ್ಪನ್ನು ರದ್ದು ಮಾಡಿತು.

ಸಾರ್ವಜನಿಕ ಸೇವಕರ ಮೇಲೆ ಕರ್ತವ್ಯಕ್ಕೆ ಸಂಬಂಧಿಸಿದ ಮೊಕದ್ದಮೆ ಹೂಡಲು ಪೂರ್ವಾನುಮತಿ ಬೇಕು. 2011ರ ಜನವರಿಯಲ್ಲಿ ಬಿ.ಎಸ್. ಯಡಿಯೂರಪ್ಪ, 2024ರ ಆಗಸ್ಟಿನಲ್ಲಿ ಸಿದ್ದರಾಮಯ್ಯ ಮುಖ್ಯಮಂತ್ರಿಗಳಾಗಿದ್ದಾಗ ಅಂದಂದಿನ ರಾಜ್ಯಪಾಲರು ಕೊಟ್ಟದ್ದು ಇಂಥ ಅನುಮತಿಯನ್ನೇ. ಮೊದಲು ಕಡತ ವರ್ಷಗಟ್ಟಲೆ ಮೇಜಿನ ಮೇಲೆ ಕೊಳೆಯುತ್ತಿತ್ತು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಂ 120 ದಿನಗಳ ಗಡುವು ಹಾಕಿದೆ. ಅಷ್ಟರಲ್ಲಿ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಂತೆಯೇ. ನಾಲ್ವರು ಮುಖ್ಯಮಂತ್ರಿಗಳನ್ನು ಕೊಟ್ಟ ಹಳೆಯ ಶಿವಮೊಗ್ಗ ಜಿಲ್ಲೆಯ ಜನರಿಗೆ ಅಧಿಕಾರದ ಒಳಹೊರಗು ಹೊಸದಲ್ಲ. ಆದರೂ ಒಂದನ್ನು ಒತ್ತಿ ಹೇಳಬೇಕು: ಈ ಯಾವ ಕಲಮಿನಲ್ಲೂ ‘ಜನಪ್ರಿಯ’ ಎಂಬ ಪದವಿಲ್ಲ. ನಟ, ಕ್ರಿಕೆಟಿಗ, ಮಠಾಧೀಶ, ಮಾಜಿ ಮಂತ್ರಿ, ಇವರಿಗೆಲ್ಲ ಕ್ರಿಮಿನಲ್ ಕಾನೂನಿನಲ್ಲಿ ಇರುವ ರಿಯಾಯಿತಿ ಸೊನ್ನೆ.

ಕಾನೂನು ರಿಯಾಯಿತಿ ತೋರುವುದು ಬೇರೆಯವರಿಗೆ. ಸಾಕ್ಷಿ ಹೇಳಲು 15 ವರ್ಷದೊಳಗಿನವರು, 60 ದಾಟಿದವರು, ಹೆಂಗಸರು, ಅಂಗವಿಕಲರು, ತೀವ್ರ ಕಾಯಿಲೆಯವರು ಠಾಣೆಗೆ ಬರಬೇಕಿಲ್ಲ, ಪೊಲೀಸರೇ ಮನೆಗೆ ಹೋಗಬೇಕು (ಇದೇ ಸಂಹಿತೆಯ 179ನೇ ಕಲಂ). ಹೊಸನಗರದ 70ರ ಅಜ್ಜಿಯನ್ನು ‘ಹೇಳಿಕೆ ಕೊಡು ಬಾ’ ಎಂದು ಮಳೆಯಲ್ಲಿ ಬಸ್ಸು ಹತ್ತಿಸುವುದು ಕಾನೂನಿಗೆ ವಿರುದ್ಧ. ವಿಶೇಷ ಉಪಚಾರ ಎಂಬುದಿದ್ದರೆ ಅದರ ನಿಜವಾದ ಹಕ್ಕುದಾರರು ಇವರು.

ನೋಟಿಸೋ, ಬಂಧನವೋ

ಈಗ ಎರಡನೆಯದಕ್ಕೆ ಬರೋಣ. ಹುಲಿಯುಗುರಿನ ಗದ್ದಲದಲ್ಲಿ ಬಹಳ ಜನ ಹೇಳಿದ್ದು ‘ಅವರನ್ನೂ ಒಳಗೆ ಹಾಕಿ’ ಎಂದು. ಆ ಸಿಟ್ಟು ಅರ್ಥವಾಗುವಂಥದ್ದು. ಆದರೆ ಕೇಳಬೇಕಾಗಿದ್ದ ಪ್ರಶ್ನೆ ಇದರ ತಿರುವು: ಮೊದಲನೆಯವರಿಗೂ ಯಾಕೆ ನೋಟಿಸು ಕೊಡಲಿಲ್ಲ?

ಏಕೆಂದರೆ 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನವೇ ಅಪವಾದ. ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಂ (ಹಳೆಯ ಸಂಹಿತೆಯ 41 ಮತ್ತು 41ಎ) ಪ್ರಕಾರ, ಆರೋಪಿ ಇನ್ನೊಂದು ಅಪರಾಧ ಮಾಡದಂತೆ ತಡೆಯಲು, ಸರಿಯಾದ ತನಿಖೆಗೆ, ಸಾಕ್ಷ್ಯ ಅಳಿಸದಂತೆ, ಸಾಕ್ಷಿಗಳನ್ನು ಬೆದರಿಸದಂತೆ, ಕೋರ್ಟಿಗೆ ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳಲು ಬಂಧನ ಬೇಕೇಬೇಕು ಎನಿಸಿದರೆ ಮಾತ್ರ ಬಂಧಿಸಬೇಕು. ಬಂಧಿಸಿದರೂ ಬಿಟ್ಟರೂ ಕಾರಣ ಬರೆದಿಡಬೇಕು. ಅರ್ನೇಶ್ ಕುಮಾರ್ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟು ಮಾಡಿತು. ಕಾರಣಗಳ ಪಟ್ಟಿಯಿಲ್ಲದೆ ರಿಮಾಂಡ್ ಕೊಟ್ಟ ಮ್ಯಾಜಿಸ್ಟ್ರೇಟರೂ ಉತ್ತರ ಹೇಳಬೇಕಾಗುತ್ತದೆ. ಈ ಕಲಂ ಪೊಲೀಸರ ಬಗ್ಗೆ ಮಾತಾಡುತ್ತದೆ, ಅರಣ್ಯಾಧಿಕಾರಿಗಳ ಬಂಧನಾಧಿಕಾರ ವನ್ಯಜೀವಿ ಕಾಯ್ದೆಯ 50ನೇ ಕಲಮಿನಿಂದ ಬರುತ್ತದೆ. ಹಾಗಿದ್ದರೂ ಬಂಧನಕ್ಕೆ ಕಾರಣ ಬೇಕೆಂಬ ತಿರುಳನ್ನು ಜಾಮೀನು ಅರ್ಜಿಯಲ್ಲಿ ಎತ್ತಲು ಅಡ್ಡಿಯಿಲ್ಲ. ಪದಕ ಜಪ್ತಿಯಾಗಿದೆ, ಮಹಜರು ಆಗಿದೆ, ಆರೋಪಿಯ ಮನೆ ಗೊತ್ತಿದೆ. ಇನ್ನು ಜೈಲಿನಲ್ಲಿಟ್ಟು ಪಡೆಯುವುದೇನು?

ಹಾಗಾಗಿ ನಟರಿಗೆ ಸಿಕ್ಕ ನೋಟಿಸು ಉಪಕಾರವಾಗಿರಲಿಲ್ಲ, ಸರಿಯಾದ ಕ್ರಮವಾಗಿತ್ತು. ಅನ್ಯಾಯ ಇರುವುದು ಆ ಕ್ರಮ ಹೆಸರು ನೋಡಿ ನೆನಪಾಗುವುದರಲ್ಲಿ.

ಹೆಸರಿಲ್ಲದವರ ವಿಷಯದಲ್ಲಿ ಇದು ಎಲ್ಲಿ ಹಳಿ ತಪ್ಪುತ್ತದೆ? ಬಹುಮಟ್ಟಿಗೆ ಬಾಯಿಮಾತಿನ ಕರೆಯಲ್ಲಿ. ‘ನಾಳೆ ಬೆಳಿಗ್ಗೆ ಠಾಣೆ ಹತ್ರ ಬಾ, ಸಾಹೇಬ್ರು ಕರೀತಿದಾರೆ.’ ಹೋದವನು ಹತ್ತು ಗಂಟೆಗೆ ಗೋಡೆ ಪಕ್ಕದ ಬೆಂಚಿನ ಮೇಲೆ ಕೂರುತ್ತಾನೆ. ಮಧ್ಯಾಹ್ನ ಯಾರೋ ಮೊಬೈಲ್ ಇಸಿದುಕೊಳ್ಳುತ್ತಾರೆ. ಸಂಜೆ ಆರಾದರೂ ಏಳು ಅನ್ನುವವರಿಲ್ಲ, ಕಡೆಯ ಬಸ್ಸೂ ಹೋಗಿರುತ್ತದೆ. ಇಡೀ ದಿನಕ್ಕೆ ಯಾವ ಪುಸ್ತಕದಲ್ಲೂ ಒಂದು ಗೆರೆ ದಾಖಲೆಯಿಲ್ಲ. ಮರುದಿನ ಬಂಧನ ತೋರಿಸಿದರೆ 24 ಗಂಟೆಯ ಲೆಕ್ಕ ಶುರುವಾಗುವುದೇ ಆವಾಗ. ಹೆಸರಿದ್ದವರಿಗೆ ಹೀಗಾಗದಿರಲು ಕಾರಣ ಸರಳ: ಅವರ ವಕೀಲರು ಮೊದಲ ಫೋನಿನಲ್ಲೇ ‘ಲಿಖಿತ ನೋಟಿಸ್ ಕಳಿಸಿ’ ಅನ್ನುತ್ತಾರೆ.

ಈ ಮಾತನ್ನು ಯಾರು ಬೇಕಾದರೂ ಅನ್ನಬಹುದು. ನೋಟಿಸಿನಲ್ಲಿ ಅಪರಾಧ ಸಂಖ್ಯೆ, ಕಲಂ, ಹಾಜರಾಗುವ ದಿನಾಂಕ, ಜಾಗ, ಅಧಿಕಾರಿಯ ಸಹಿ ಇವೆಯೇ ನೋಡಿಕೊಳ್ಳಿ. ವಾಟ್ಸಾಪಿನಲ್ಲಿ ಬಂದದ್ದು ಕ್ರಮಬದ್ಧ ಜಾರಿಯಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಆದರೂ ಅಂಥದ್ದು ಬಂದರೆ ಸುಮ್ಮನಿರಬೇಡಿ, ‘ಲಿಖಿತವಾಗಿ ಕೊಡಿ, ಖಂಡಿತ ಹಾಜರಾಗುತ್ತೇನೆ’ ಎಂದು ಉತ್ತರಿಸಿ, ಆ ಉತ್ತರವನ್ನು ಇಟ್ಟುಕೊಳ್ಳಿ. ಹೇಳಿದ ದಿನ ನೀವೇ ಹೋಗಬೇಕು. ಹೆದರಿ ತಲೆಮರೆಸಿಕೊಳ್ಳುವುದು, ಊರಿನ ಮುಖಂಡರನ್ನು ಕಳಿಸಿ ಮಾತಾಡಿಸುವುದು, ಇವೇ ದೊಡ್ಡ ತಪ್ಪುಗಳು. ನೋಟಿಸು ಪಾಲಿಸದವರನ್ನು ಬಂಧಿಸಲು ಅದೇ ಕಲಂ ದಾರಿ ಕೊಡುತ್ತದೆ. ಪಾಲಿಸುತ್ತಿರುವವರನ್ನು ಬಂಧಿಸಬೇಕಾದರೆ ಕಾರಣ ಬರೆಯಬೇಕು. 60 ದಾಟಿದವರು ಅಥವಾ ಅಶಕ್ತರಾದವರ ಮೇಲಿನ ಆರೋಪ 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯದ್ದಾದರೆ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಅನುಮತಿಯಿಲ್ಲದೆ ಬಂಧಿಸುವಂತಿಲ್ಲ. ಇದು ಹೊಸ ಸಂಹಿತೆ ತಂದ ರಕ್ಷಣೆ, ಹಳ್ಳಿಗಳಲ್ಲಿ ಇನ್ನೂ ಹೆಚ್ಚಿನವರಿಗೆ ಗೊತ್ತಿಲ್ಲ.

ಬಂಧನವಾಗಿಯೇ ಬಿಟ್ಟರೆ ಕೇಳಬೇಕಾದ ಕಾಗದ ಒಂದಿದೆ. ಬಂಧನದ ಕಾರಣಗಳನ್ನು ಬರಹದಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ತಡವಾದರೂ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಅದು ಕೈ ಸೇರಬೇಕು. ಎಲ್ಲ ಅಪರಾಧಗಳಿಗೂ ಇದು ಅನ್ವಯವೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 6ರಂದು ಹೇಳಿತು. ಶಿವಮೊಗ್ಗದಲ್ಲಿ ‘ಅರ್ಥವಾಗುವ ಭಾಷೆ’ ಎಂದರೆ ಹೆಚ್ಚಿನವರಿಗೆ ಕನ್ನಡವೇ. ಇಂಗ್ಲಿಷ್ ಅಚ್ಚಿನ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಷರತ್ತು ಪೂರೈಸಿದಂತಾಗದು.

ಕೋಳದ ವಿಷಯಕ್ಕೆ ಒಂದು ಹಳೆಯ ತೀರ್ಪನ್ನು ನೆನಪಿಸಬೇಕು. ‘ಉತ್ತಮ ದರ್ಜೆ’ಯ ಕೈದಿಗಳಿಗೆ ಕೋಳ ಬೇಡ, ಸಾಮಾನ್ಯ ಕೈದಿಗಳಿಗೆ ಹಾಕಬಹುದು ಎಂಬ ಪಂಜಾಬ್ ಪೊಲೀಸ್ ನಿಯಮವಿತ್ತು. 1980ರಲ್ಲಿ ಪ್ರೇಮ್ ಶಂಕರ್ ಶುಕ್ಲಾ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅದನ್ನು ಒಪ್ಪಲಿಲ್ಲ. ತಪ್ಪಿಸಿಕೊಂಡು ಹೋಗುವ ಅಪಾಯಕ್ಕೂ ಜೇಬಿನ ತೂಕಕ್ಕೂ ಏನು ಸಂಬಂಧ ಎಂಬುದು ಅಲ್ಲಿನ ವಾದದ ಸಾರ. ತೀರ್ಪಿನ ಫಲವಾಗಿ ಉತ್ತಮ ದರ್ಜೆಯವರಿಗೂ ಕೋಳ ಬಿದ್ದಿತೆಂದಲ್ಲ, ಸಾಮಾನ್ಯರಿಗೂ ಕಾರಣವಿಲ್ಲದೆ ಕೋಳ ಹಾಕಬಾರದೆಂದಾಯಿತು. ಸಮಾನತೆಯನ್ನು ಮೇಲಕ್ಕೆ ಎತ್ತಿ ತರುವುದೆಂದರೆ ಹೀಗೆ.

ವಾಯಿದೆ ಮತ್ತು ಜಾಮೀನು

ಹೆಸರಿದ್ದವರು ಪ್ರತಿ ವಾಯಿದೆಗೆ ಕೋರ್ಟಿಗೆ ಬರುವುದು ಕಾಣುವುದಿಲ್ಲ. ಸಂಹಿತೆಯ 228 ಮತ್ತು 355ನೇ ಕಲಮುಗಳಡಿ ಅವರ ವಕೀಲರು ಖುದ್ದು ಹಾಜರಾತಿಯಿಂದ ವಿನಾಯಿತಿ ಪಡೆದಿರುತ್ತಾರೆ. ಆಗುಂಬೆ ಕಡೆಯಿಂದ ಕೋರ್ಟಿಗೆ ಬರುವ ಕೂಲಿಯವನಿಗೆ ಒಂದು ವಾಯಿದೆ ಎಂದರೆ ಒಂದು ದಿನದ ಕೂಲಿ, ಬಸ್ ಚಾರ್ಜು, ಊಟ. ಅಡಿಕೆ ಕೊಯ್ಲಿನ ಕಾಲದಲ್ಲಾದರೆ ನಷ್ಟ ಇನ್ನೂ ಹೆಚ್ಚು. ಅವನಿಗೂ ಇವೇ ಕಲಮುಗಳಿವೆ. ಅರ್ಜಿಯಲ್ಲಿ ಮೂರು ಅಂಶ ಇರಲಿ: ದೂರ ಮತ್ತು ದುಡಿಮೆಯ ನಿರ್ದಿಷ್ಟ ಕಾರಣ, ಆರೋಪಿ ತಾನೇ ಎಂಬ ಬಗ್ಗೆ ತಕರಾರಿಲ್ಲವೆಂಬ ಒಪ್ಪಿಗೆ, ತನ್ನ ಗೈರಿನಲ್ಲಿ ವಕೀಲರ ಮುಂದೆ ಸಾಕ್ಷ್ಯ ದಾಖಲಾದರೆ ಆಕ್ಷೇಪವಿಲ್ಲವೆಂಬ ಮುಚ್ಚಳಿಕೆ. ಬರೀ ‘ಅನಾರೋಗ್ಯ’ ಎಂದು ಪ್ರತಿಸಲ ಬರೆದರೆ ನ್ಯಾಯಾಧೀಶರು ಬೇಸತ್ತು ವಾರಂಟ್ ಹೊರಡಿಸುತ್ತಾರೆ. ಅರ್ಜಿಯನ್ನೇ ಹಾಕದೆ ತಪ್ಪಿಸಿಕೊಂಡರಂತೂ ವಾರಂಟ್ ಖಾತ್ರಿ.

ಜಾಮೀನಿನಲ್ಲಿ ಅಂತರ ಕಣ್ಣಿಗೆ ಹೊಡೆಯುತ್ತದೆ. ಕೃಷ್ಣಮೃಗ ಬೇಟೆಯ ಪ್ರಕರಣದಲ್ಲಿ 2018ರ ಏಪ್ರಿಲ್ 5ರಂದು 5 ವರ್ಷ ಶಿಕ್ಷೆಯಾದ ಸಲ್ಮಾನ್ ಖಾನ್ ಅವರಿಗೆ ಏಪ್ರಿಲ್ 7ರಂದು ಜಾಮೀನು ಸಿಕ್ಕಿತು. ತೀರ್ಪು ಬರುವ ಮೊದಲೇ ಎಲ್ಲ ಕಾಗದ ಸಿದ್ಧವಿದ್ದರೆ ಇಂಥ ವೇಗ ಸಾಧ್ಯ. ಸೊರಬದ ಬಡವನಿಗೆ ಜಾಮೀನು ಆದೇಶ ಆದಮೇಲೂ ಶ್ಯೂರಿಟಿ (ಹೊಣೆ ನಿಲ್ಲುವವರು) ಸಿಗದೆ ವಾರಗಟ್ಟಲೆ ಶಿವಮೊಗ್ಗ ಬಳಿಯ ಸೋಗಾನೆಯ ಕೇಂದ್ರ ಕಾರಾಗೃಹದಲ್ಲೇ ಉಳಿಯಬೇಕಾಗಬಹುದು. ಪಹಣಿ ಇರುವವರು ಊರಲ್ಲಿ ಕಡಿಮೆ, ಇದ್ದರೂ ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರು, ಬಗರ್‌ಹುಕುಂ ಜಮೀನಿಗಂತೂ ಕಾಗದವೇ ಇಲ್ಲ. ಜಾಮೀನು ಸಿಕ್ಕೂ ಒಂದು ತಿಂಗಳಲ್ಲಿ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟ್ ಪರಿಶೀಲಿಸಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಸೂಚಿಸಿದೆ. ಬಡ ಕೈದಿಗಳಿಗೆ ನೆರವಿನ ಕೇಂದ್ರ ಯೋಜನೆಯಲ್ಲಿ ವಿಚಾರಣಾಧೀನರಿಗೂ ದಂಡ ಕಟ್ಟಲಾಗದ ಶಿಕ್ಷಿತರಿಗೂ ಹಣದ ನೆರವಿದೆ. ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಸಂಹಿತೆಯ 479ನೇ ಕಲಮಿನಂತೆ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ, ಒಂದಕ್ಕಿಂತ ಹೆಚ್ಚು ಪ್ರಕರಣ ಇರುವವರಿಗೆ ಇದಿಲ್ಲ. ಅರ್ಜಿ ಹಾಕುವ ಹೊಣೆ ಜೈಲು ಅಧೀಕ್ಷಕರದ್ದು. ಬಂಧನದಲ್ಲಿರುವವರಿಗೆ, ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಒಳಗಿನ ಸುಖ

ಮೂರನೆಯ ಬಗೆಗೆ ಯಾವ ಸಮರ್ಥನೆಯೂ ಇಲ್ಲ. ಕೊಲೆ ಆರೋಪದಲ್ಲಿ 2024ರ ಜೂನ್ 11ರಂದು ಬಂಧಿತರಾದ ನಟ ದರ್ಶನ್ ಅವರ ಪ್ರಕರಣ ಇಲ್ಲಿ ಹಂತಹಂತವಾಗಿ ನೋಡುವಂಥದ್ದು. ವಿಚಾರಣೆ ಮುಗಿದಿಲ್ಲ, ತಪ್ಪಿತಸ್ಥರೋ ಅಲ್ಲವೋ ಎಂಬುದು ನಮ್ಮ ಚರ್ಚೆಯಲ್ಲ. ಮನೆಯೂಟ ಕೋರಿದ ಅರ್ಜಿಯನ್ನು ಜುಲೈನಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟ್ ತಿರಸ್ಕರಿಸಿತು. ಆಗಸ್ಟಿನಲ್ಲಿ ಪರಪ್ಪನ ಅಗ್ರಹಾರ ಜೈಲಿನ ಒಳಗೆ ಅವರು ಕುರ್ಚಿಯಲ್ಲಿ ಕೂತು, ಕೈಯಲ್ಲಿ ಸಿಗರೇಟು, ಕಾಫಿ ಲೋಟ ಹಿಡಿದ ಫೋಟೊ ಹೊರಬಂತು. ಜೈಲು ಅಧಿಕಾರಿಗಳ ಅಮಾನತಾಯಿತು, ಅವರನ್ನು ಬಳ್ಳಾರಿಗೆ, ಸಹ ಆರೋಪಿಗಳಲ್ಲಿ ಕೆಲವರನ್ನು ಶಿವಮೊಗ್ಗವೂ ಸೇರಿ ಬೇರೆ ಬೇರೆ ಜೈಲುಗಳಿಗೆ ಕಳಿಸಿದರು. ಡಿಸೆಂಬರಿನಲ್ಲಿ ಹೈಕೋರ್ಟ್ ಕೊಟ್ಟ ಜಾಮೀನನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 14ರಂದು ರದ್ದುಪಡಿಸಿತು. ಜನಪ್ರಿಯತೆ ಜಾಮೀನಿಗೆ ಆಧಾರವಾಗದು ಎಂದಿತು, ಜೈಲಿನಲ್ಲಿ ವಿಶೇಷ ಸವಲತ್ತು ಕಂಡುಬಂದರೆ ಅಧಿಕಾರಿಗಳೇ ಹೊಣೆ ಎಂದು ಎಚ್ಚರಿಸಿತು.

ಆ ಫೋಟೊದಲ್ಲಿ ನೋಡಬೇಕಾದ್ದು ಸಿಗರೇಟಿಗಿಂತ ಹೆಚ್ಚಾಗಿ ಫೋಟೊವನ್ನೇ. ಅದನ್ನು ತೆಗೆಯಲು ಒಳಗೊಂದು ಮೊಬೈಲ್ ಬೇಕು. ಮೊಬೈಲ್ ಬರಲು ಗೇಟಿನ ತಪಾಸಣೆ ಸೋತಿರಬೇಕು. ಹೀಗೆ ಒಬ್ಬರಿಗೆ ತೆರೆದ ಗೇಟು ಸಾಕ್ಷಿಗಳಿಗೆ ಫೋನ್ ಮಾಡಲೂ ತೆರೆದಿರುತ್ತದೆ. ಜೈಲಿನ ಸವಲತ್ತು ಕೇವಲ ಸುಖದ ವಿಷಯವಲ್ಲ, ಮೊಕದ್ದಮೆಯ ಬುಡಕ್ಕೆ ಬೀಳುವ ಕೊಡಲಿ.

ಪ್ರಸಿದ್ಧರಿಗೆ ಪ್ರತ್ಯೇಕ ಕೋಣೆ ಕೊಡುವುದು ಮಾತ್ರ ಬೇರೆ ವಿಷಯ. ಇತರ ಕೈದಿಗಳಿಂದ ಹಲ್ಲೆಯ ಭಯವಿದ್ದರೆ ಯಾವ ಕೈದಿಯನ್ನಾದರೂ ಪ್ರತ್ಯೇಕ ಇಡಬೇಕು. ಪ್ರಾಣರಕ್ಷಣೆ ಕೊಡಿ, ಹಾಸಿಗೆ, ಟಿ.ವಿ. ಬೇಡ. ಆಸ್ಪತ್ರೆಯದ್ದೂ ಹೀಗೆಯೇ. ಜೈಲು ವೈದ್ಯರು ಬರೆದುಕೊಟ್ಟರೆ ಸೋಗಾನೆಯಿಂದ ಮೆಗ್ಗಾನ್ ಆಸ್ಪತ್ರೆಗೆ ಒಯ್ಯಬೇಕು. ಹೆಸರಿದ್ದವರಿಗೆ ಎದೆನೋವು ಬಂದರೆ ಗಾಡಿ ತಕ್ಷಣ ಸಿಗುತ್ತದೆ, ಇಲ್ಲದವರಿಗೆ ‘ಎಸ್ಕಾರ್ಟ್ ಇಲ್ಲ’ ಎಂಬ ಉತ್ತರ ಸಿಗುತ್ತದೆ. ಕೈದಿಯ ಮನೆಯವರು ಆಗ ವಿಚಾರಣಾ ಕೋರ್ಟಿಗೆ ಅರ್ಜಿ ಹಾಕಿ ವೈದ್ಯಕೀಯ ವರದಿ ತರಿಸುವಂತೆ ಕೇಳಬೇಕು. ಜೀವದ ಪ್ರಶ್ನೆಯಾದ್ದರಿಂದ ಮಾಹಿತಿ ಹಕ್ಕಿನಲ್ಲೂ 48 ಗಂಟೆಯೊಳಗೆ ಉತ್ತರ ಕೊಡಬೇಕು, ಅರ್ಜಿಯ ಮೇಲೆ ‘ಜೀವ ಮತ್ತು ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದು’ ಎಂದು ಎದ್ದು ಕಾಣುವಂತೆ ಬರೆಯಿರಿ.

‘ಪ್ರಸಿದ್ಧರಿಗೆ ಮಾನ ಹೋಗುವುದೇ ದೊಡ್ಡ ಶಿಕ್ಷೆ, ಸ್ವಲ್ಪ ಮೃದುವಾಗಿರಬಾರದೇ?’ ಎನ್ನುವವರಿದ್ದಾರೆ. ಶಿಕಾರಿಪುರದ ಹಳ್ಳಿಯೊಂದರ ಶಾಲಾ ಮೇಷ್ಟ್ರ ಮಾನ ಆ ಹಳ್ಳಿಯಷ್ಟೇ ಅಗಲ ಇರಬಹುದು, ಅವರಿಗೆ ಬದುಕಲು ಇರುವುದೂ ಅದೇ ಹಳ್ಳಿ. ಹಾಗೆಯೇ ‘ದೊಡ್ಡವರಿಗೆ ಇಮ್ಮಡಿ ಶಿಕ್ಷೆ ಕೊಟ್ಟು ಪಾಠ ಕಲಿಸಿ’ ಎಂಬುದೂ ಒಪ್ಪುವ ಮಾತಲ್ಲ. ಹೆಸರು ಲೆಕ್ಕಕ್ಕೆ ಬರಬೇಕಾದ ಜಾಗ ಒಂದೇ: ಆ ಹೆಸರಿನ ಬಲದಿಂದ ಸಾಕ್ಷಿಗಳ ಬಾಯಿ ಮುಚ್ಚಿಸುವ ಸಾಧ್ಯತೆ ಇದೆಯೇ ಎಂದು ಜಾಮೀನಿನ ಹೊತ್ತಲ್ಲಿ ತೂಗುವಾಗ.

ಮತ್ತೆ ಪದಕಕ್ಕೆ

ಹುಲಿಯುಗುರಿನಂಥ ಪ್ರಕರಣದಲ್ಲಿ ಪ್ರಸಿದ್ಧರು ಪಾರಾಗುವುದು ಹೆಚ್ಚಾಗಿ ನೋಟಿಸಿನ ಹಂತದಲ್ಲಲ್ಲ, ಅದರ ನಂತರದ ಮೌನದಲ್ಲಿ. ಪದಕ ಪರೀಕ್ಷೆಗೆ ಹೋಯಿತು ಎನ್ನುತ್ತಾರೆ. ಅದು ನಿಜವೋ ಪ್ಲಾಸ್ಟಿಕ್ಕೋ, ವರದಿ ಬಂತೋ ಇಲ್ಲವೋ ಕೇಳುವವರಿರುವುದಿಲ್ಲ. ಹೀಗಾಗಬಾರದೆಂದೇ ವನ್ಯಜೀವಿ ಕಾಯ್ದೆ ಒಂದು ಬಾಗಿಲು ಇಟ್ಟಿದೆ. ಈ ಅಪರಾಧಗಳಲ್ಲಿ ಕೋರ್ಟು ಪ್ರಕರಣ ಕೈಗೆತ್ತಿಕೊಳ್ಳುವುದು ಸಾಮಾನ್ಯವಾಗಿ ಅಧಿಕೃತ ಅರಣ್ಯಾಧಿಕಾರಿಯ ದೂರಿನ ಮೇಲೆ. ಆದರೆ 55ನೇ ಕಲಮಿನಂತೆ ಯಾವ ನಾಗರಿಕರಾದರೂ ಅಪರಾಧದ ವಿವರ ಮತ್ತು ದೂರು ಕೊಡುವ ಉದ್ದೇಶ ತಿಳಿಸಿ, ನಿಗದಿತ ನಮೂನೆಯಲ್ಲಿ ಸರ್ಕಾರಕ್ಕೆ ಅಥವಾ ಅಧಿಕೃತ ಅಧಿಕಾರಿಗೆ ನೋಟಿಸ್ ಕೊಟ್ಟು 60 ದಿನ ಕಾದು ತಾವೇ ದೂರು ಸಲ್ಲಿಸಬಹುದು. ನೋಟಿಸಿನಲ್ಲಿ ಫೋಟೊ ಅಥವಾ ವಿಡಿಯೊ ಪ್ರಸಾರವಾದ ದಿನಾಂಕ, ವಸ್ತು ಜಪ್ತಿಯಾದ ದಿನ, ಯಾವ ವಲಯ ಅರಣ್ಯಾಧಿಕಾರಿಯ ವ್ಯಾಪ್ತಿ ಎಂಬುದಿರಲಿ. ಅಂಚೆಯಲ್ಲಿ ಕಳಿಸಿ ಸ್ವೀಕೃತಿ ಚೀಟಿ ತರಿಸಿಕೊಳ್ಳಿ, ಅದು ತಲುಪಿದ ದಿನದಿಂದ ಎಣಿಸಿ. ಚೀಟಿ ಕಳೆದರೆ, ಇಲ್ಲವೇ 59ನೇ ದಿನವೇ ಆತುರಪಟ್ಟರೆ, ದೂರು ಬಾಗಿಲಲ್ಲೇ ಬಿದ್ದುಹೋಗುತ್ತದೆ. 60 ತುಂಬಿದ ಮೇಲೆ ಆ ವ್ಯಾಪ್ತಿಯ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ, ಅಂದರೆ ಜೆಎಂಎಫ್‌ಸಿ ನ್ಯಾಯಾಲಯಕ್ಕೆ ದೂರು, ಸ್ವೀಕೃತಿ ಚೀಟಿ, ನೋಟಿಸಿನ ಪ್ರತಿ ಮೂರನ್ನೂ ಒಟ್ಟಿಗೆ ಹಿಡಿದು ಹೋಗಿ.